ಪ್ರಸಿದ್ಧರ ಅಳತೆ: ಮೇಣದ ಪ್ರತಿಮೆಗಳ ಸಂಗ್ರಹಾಲಯವೊಂದನ್ನು ನೋಡಿಬಂದು

ಪ್ರಸಿದ್ಧ ವ್ಯಕ್ತಿಗಳ ಮೇಣದ ಪ್ರತಿಮೆಗಳನ್ನಿಟ್ಟಿರುವ ಸಂಗ್ರಹಾಲಯವೊಂದನ್ನು ಕಳೆದ ತಿಂಗಳು ಎರಡು ಬಾರಿ ನೋಡಿದೆ. ಮೊದಲ ಸಲ ಹೋದದ್ದು ರಜೆಯ ದಿನದ ಮಧ್ಯಾಹ್ನ, ಕಾಲಿಡಲು ಜಾಗವಿಲ್ಲದ ಜನಸಂದಣಿಯಲ್ಲಿ. ಎರಡನೆಯ ಸಲ ವಾರದ ನಡುವಿನ ಒಂದು ಬೆಳಿಗ್ಗೆ, ಬಾಗಿಲು ತೆರೆದ ಕೂಡಲೇ. ಎರಡೂ ಸಲ ಇದ್ದದ್ದು ಅವೇ ಪ್ರತಿಮೆಗಳು. ಆದರೆ ನಾನು ನಿಜವಾಗಿ ನೋಡಿದ್ದು ಎರಡನೆಯ ಸಲ ಮಾತ್ರ ಎಂದು ಈಗ ಅನಿಸುತ್ತದೆ.

ಆ ಬೆಳಿಗ್ಗೆ ಮೊದಲು ಎದುರಾದದ್ದು ನಾನು ಚಿಕ್ಕಂದಿನಿಂದ ತೆರೆಯ ಮೇಲೆ ಕಂಡು ಮೆಚ್ಚಿದ ನಟರೊಬ್ಬರ ಪ್ರತಿಮೆ. ಪಕ್ಕದಲ್ಲಿ ನಿಂತರೆ ಅವರ ನೆತ್ತಿ ನನ್ನ ಕಿವಿಯ ಮಟ್ಟಕ್ಕೆ ಬರುತ್ತಿತ್ತು. ಭುಜಗಳು ಕಿರಿದಾಗಿದ್ದವು, ಮಣಿಕಟ್ಟು ತೆಳ್ಳಗಿತ್ತು. ಕ್ಯಾಮೆರಾವನ್ನು ಕೆಳಗಿಟ್ಟು ಮೇಲಕ್ಕೆ ತಿರುಗಿಸಿ, ಬೇಕಾದಲ್ಲಿ ಕಾಲಡಿಗೆ ಪೆಟ್ಟಿಗೆಯಿಟ್ಟು, ಒಂದೇ ಮುಖವನ್ನು ತೆರೆಯ ತುಂಬ ಹಿಗ್ಗಿಸಿ ತೋರಿಸುವ ಸಿನಿಮಾ ನಮ್ಮಿಂದ ಮರೆಸಿಟ್ಟಿರುವುದು ಇದನ್ನೇ, ಅಂದರೆ ಮನುಷ್ಯನ ಅಳತೆಯನ್ನು. ಆ ನಟರ ಮುಖದ ಒಂದೊಂದು ಗೆರೆಯೂ ನನಗೆ ಗೊತ್ತಿತ್ತು; ಅವರು ಎಷ್ಟು ಎತ್ತರದವರೆಂಬುದು ಮಾತ್ರ ಗೊತ್ತಿರಲಿಲ್ಲ. ಹಾಗೆಂದು ಅವರ ಮೇಲಿನ ಅಭಿಮಾನ ಕುಗ್ಗಲಿಲ್ಲ. ಇಷ್ಟು ಸಣ್ಣ ಮೈಕಟ್ಟಿನಿಂದ ಅಷ್ಟು ದೊಡ್ಡ ಪಾತ್ರಗಳನ್ನು ಕಟ್ಟಿದರಲ್ಲ ಎಂಬ ಗೌರವವೇ ಹೆಚ್ಚಾಯಿತು.

ಇಂಥ ಪ್ರದರ್ಶನಗಳು ಶುರುವಾದ ಕಾಲದಲ್ಲಿ ಜನರಿಗೆ ಬೇಕಿದ್ದದ್ದು ಬೇರೆಯದೇ ಆಗಿತ್ತು. 1761ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಹುಟ್ಟಿದ ಮೇರಿ ಟುಸಾಡ್, ವೈದ್ಯ ಕರ್ಟಿಯಸ್ ಅವರ ಬಳಿ ಮೇಣದ ಕೆಲಸ ಕಲಿತು, 1777ರಲ್ಲಿ, ಇನ್ನೂ ಹದಿಹರೆಯದಲ್ಲೇ, ಫ್ರೆಂಚ್ ಲೇಖಕ ವಾಲ್ಟೇರನ ಪ್ರತಿಮೆಯನ್ನು ಮಾಡಿದರು. 1802ರಲ್ಲಿ ತಮ್ಮ ಪ್ರತಿಮೆಗಳೊಂದಿಗೆ ಬ್ರಿಟನ್ನಿಗೆ ಬಂದು, ಮೂರು ದಶಕಕ್ಕೂ ಹೆಚ್ಚು ಕಾಲ ಊರೂರು ತಿರುಗಿ, 1835ರಲ್ಲಿ ಲಂಡನ್ನಿನ ಬೇಕರ್ ಸ್ಟ್ರೀಟ್‌ನಲ್ಲಿ ನೆಲೆಯೂರಿದರು. ಛಾಯಾಚಿತ್ರಣದ ವಿಧಾನ ಲೋಕಕ್ಕೆ ತಿಳಿದದ್ದು 1839ರಲ್ಲಿ. ಅದಕ್ಕೂ ಮೊದಲು, ಪತ್ರಿಕೆಯಲ್ಲಿ ಹೆಸರನ್ನಷ್ಟೇ ಓದಿದ್ದ ಜನ ಆ ಹೆಸರಿನ ಮುಖವನ್ನು ನೋಡಲು ಮೇಣದ ಬಳಿಗೆ ಬರುತ್ತಿದ್ದರು. ಈಗ ಮುಖಗಳಿಗೇನೂ ಬರವಿಲ್ಲ. ನೆರೆಮನೆಯವರ ಮುಖಕ್ಕಿಂತ ಹೆಚ್ಚಾಗಿ ನಾವು ನೋಡುವುದು ತಾರೆಯರ ಮುಖವನ್ನೇ. ಇನ್ನೂರು ವರ್ಷ ಕಳೆದ ಮೇಲೂ ಈ ಕಲೆ ನಮಗೆ ಕೊಡಬಹುದಾದದ್ದು ಉಳಿದಿದ್ದರೆ, ಅದು ಮೈಯ ಅಳತೆ ಮತ್ತು ಸಾಮೀಪ್ಯ.

ಆ ಅಳತೆಯನ್ನು ನಂಬಬಹುದೇ ಎಂದು ಕೇಳುವವರಿಗೆ ಕೆಲಸದ ಬಗೆಯನ್ನು ಹೇಳಬೇಕು. ವ್ಯಕ್ತಿ ಒಪ್ಪಿ ಕುಳಿತರೆ ಕಲಾವಿದರು ತಲೆಯಿಂದ ಪಾದದವರೆಗೆ 200ಕ್ಕೂ ಹೆಚ್ಚು ಅಳತೆಗಳನ್ನು ತೆಗೆದುಕೊಳ್ಳುತ್ತಾರೆ. ಜೇಡಿಮಣ್ಣಿನಲ್ಲಿ ರೂಪ ತಿದ್ದಿ, ಅಚ್ಚು ತೆಗೆದು, ಕಾಸಿದ ಮೇಣವನ್ನು ಅದಕ್ಕೆ ಹೊಯ್ಯುತ್ತಾರೆ. ಆರುವಾಗ ಮೇಣ ಕುಗ್ಗುವುದರಿಂದ ಮಣ್ಣಿನ ತಲೆಯನ್ನು ಸುಮಾರು ಶೇಕಡಾ 2ರಷ್ಟು ದೊಡ್ಡದಾಗಿಯೇ ಮಾಡಿರುತ್ತಾರೆ. ತಲೆಗೂದಲನ್ನು ಒಂದೊಂದಾಗಿ ಸೂಜಿಯಿಂದ ನೆಡುತ್ತಾರೆ. ಇಡೀ ಸಂಗ್ರಹದಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು ಪಿಟೀಲು ವಾದಕರೊಬ್ಬರ ಎಡಗೈ. ತಂತಿಯನ್ನು ಒತ್ತಿ ಒತ್ತಿ ಜಡ್ಡುಗಟ್ಟಿದ ಬೆರಳ ತುದಿಗಳು ಕೊಂಚ ಚಪ್ಪಟೆಯಾಗಿ, ಸುತ್ತಲಿನ ಚರ್ಮಕ್ಕಿಂತ ತುಸು ಹಳದಿಯಾಗಿ ಕಾಣುತ್ತಿದ್ದವು. ಕಿರುಬೆರಳಿನ ಉಗುರು ಉಳಿದವುಗಳಿಗಿಂತ ಗಿಡ್ಡವಾಗಿತ್ತು. ಜನ ಬಂದರೆ ನೋಡುವುದು ಮುಖವನ್ನು ಎಂದು ಗೊತ್ತಿದ್ದೂ ಬೆರಳ ತುದಿಗೆ ಇಷ್ಟು ಶ್ರಮ ಸುರಿದ ಕಲಾವಿದರಿಗೆ ನಾನು ಮನಸಾರೆ ಕೈಮುಗಿದೆ.

ಅದೇ ಬೆಳಿಗ್ಗೆ ಸಿಬ್ಬಂದಿಯೊಬ್ಬರು ಸಣ್ಣ ಕುಂಚ ಹಿಡಿದು ಗಾಯಕಿಯೊಬ್ಬರ ಪ್ರತಿಮೆಯ ಎಡಗೆನ್ನೆಗೆ ಬಣ್ಣ ಹಚ್ಚುತ್ತಿದ್ದರು. ಕೇಳಿದಾಗ, ನೋಡಲು ಬಂದವರು ಅಲ್ಲಿ ಕೆನ್ನೆ ತಾಗಿಸಿ ಚಿತ್ರ ತೆಗೆಸಿಕೊಳ್ಳುವುದರಿಂದ ಬಣ್ಣ ಸವೆಯುತ್ತದೆ, ಬಲಗೆನ್ನೆ ಮಾತ್ರ ಹಾಗೆಯೇ ಇರುತ್ತದೆ ಎಂದರು. ರಜೆಯ ದಿನ ನಾನು ಅದನ್ನು ಕಣ್ಣಾರೆ ಕಂಡಿದ್ದೆ. ಮಧ್ಯವಯಸ್ಸಿನ ಮಹಿಳೆಯೊಬ್ಬರು ಆ ಗಾಯಕಿಯ ಭುಜದ ಮೇಲೆ ಕೈಯಿಟ್ಟು, ಸರಿದಿದ್ದ ಸೆರಗಂಚನ್ನು ಸ್ವಂತ ತಂಗಿಗೆ ಸರಿಮಾಡುವಂತೆ ಸರಿಪಡಿಸಿ, ಆಮೇಲೆ ಮಗಳಿಗೆ ಚಿತ್ರ ತೆಗೆಯಲು ಹೇಳಿದರು. ತೆರೆಯ ಮೇಲಿನವರ ಜೊತೆ ನೋಡುಗರಿಗೆ ಬೆಳೆಯುವ ಈ ಒಮ್ಮುಖದ ಆಪ್ತತೆಯನ್ನು 1956ರಲ್ಲಿಯೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು ಗುರುತಿಸಿ ಬರೆದರು. ಇದನ್ನು ಹುಚ್ಚು ಎಂದು ತಳ್ಳಿಹಾಕುವುದು ತಪ್ಪು. ಆ ಮಹಿಳೆಯ ಕೈಯಲ್ಲಿದ್ದ ಅಕ್ಕರೆ ನಿಜವಾದದ್ದು; ಅದು ತಲುಪಬೇಕಾದವರನ್ನು ತಲುಪುವುದಿಲ್ಲ ಎಂಬುದಷ್ಟೇ ದುಃಖದ ಮಾತು.

ನನ್ನ ಆಕ್ಷೇಪವಿರುವುದು ಸಂಗ್ರಹಾಲಯದ ವ್ಯವಸ್ಥೆಯ ಮೇಲೆ. ಹೆಚ್ಚು ಜನಪ್ರಿಯರಾದ ತಾರೆಯರನ್ನು ಒಂದೂವರೆ ಅಡಿ ಎತ್ತರದ ಕಟ್ಟೆಯ ಮೇಲೆ ನಿಲ್ಲಿಸಿ, ನೇರಳೆ ಬಣ್ಣದ ಬೆಳಕು ಬಿಟ್ಟಿದ್ದಾರೆ. ಅಷ್ಟು ನಿಖರವಾಗಿ ಅಳೆದು ಮಾಡಿದ ಮೈಯನ್ನು ಹೀಗೆ ಮತ್ತೆ ಸಿನಿಮಾದ ಎತ್ತರಕ್ಕೇ ಏರಿಸಿದರೆ ಕಲಾವಿದರ ಶ್ರಮಕ್ಕೆ ಏನು ಅರ್ಥ? ಪ್ರತಿ ತಿರುವಿನಲ್ಲೂ ಸಂಗ್ರಹಾಲಯದ ಛಾಯಾಗ್ರಾಹಕರು ತಡೆದು ನಿಲ್ಲಿಸುತ್ತಾರೆ. ಹಿಂದಿನ ಸಾಲು ಒತ್ತುವುದರಿಂದ ಒಂದು ಪ್ರತಿಮೆಯ ಮುಂದೆ ಅರ್ಧ ನಿಮಿಷವೂ ನಿಲ್ಲಲಾಗುವುದಿಲ್ಲ. ವಿಜ್ಞಾನಿಗಳೂ ಲೇಖಕರೂ ಹೊರಹೋಗುವ ದಾರಿಯ ಇಕ್ಕಟ್ಟಾದ ಓಣಿಯಲ್ಲಿದ್ದಾರೆ. ಫಲಕಗಳಲ್ಲಿ ಹೆಸರು, ವೃತ್ತಿ, ಪ್ರಶಸ್ತಿಗಳಿವೆ. ಪ್ರತಿಮೆ ಮಾಡಿದವರ ಹೆಸರು ಒಂದರಲ್ಲೂ ಇಲ್ಲ. ಪಿಟೀಲು ವಾದಕರ ಕೈಯನ್ನು ಯಾರು ಮಾಡಿದರೆಂದು ಮೂವರು ಸಿಬ್ಬಂದಿಯನ್ನು ವಿಚಾರಿಸಿದರೂ ಉತ್ತರ ಸಿಗಲಿಲ್ಲ.

ಇಷ್ಟಿದ್ದರೂ ಹೋಗಿಬನ್ನಿ ಎಂದೇ ನನ್ನ ಸಲಹೆ. ರಜೆಯ ದಿನಗಳನ್ನು ಬಿಟ್ಟು, ಬೆಳಗಿನ ಮೊದಲ ಗಂಟೆಯಲ್ಲಿ ಹೋಗಿ. ಮೊದಲ ಸುತ್ತು ಮುಗಿಯುವವರೆಗೆ ಫೋನನ್ನು ಚೀಲದಲ್ಲಿಡಿ. ಕಟ್ಟೆಯಿಲ್ಲದೆ ನೆಲದ ಮೇಲೇ ನಿಂತಿರುವ ಪ್ರತಿಮೆಗಳು ಎರಡನೆಯ ಕೋಣೆಯ ಎಡಭಾಗದಲ್ಲಿವೆ. ಅಲ್ಲಿಂದಲೇ ಶುರುಮಾಡಿ, ಭುಜಕ್ಕೆ ಭುಜ ಸೇರಿಸಿ ನಿಂತು ನೋಡಿ. ಪಿಟೀಲು ವಾದಕರು ಇರುವುದು ಕೊನೆಯ ಓಣಿಯಲ್ಲಿ, ಬೆಳಕು ಕಡಿಮೆಯಿರುವ ಮೂಲೆಯಲ್ಲಿ; ಕೈ ಸರಿಯಾಗಿ ಕಾಣಬೇಕಾದರೆ ಸ್ವಲ್ಪ ಬಗ್ಗಬೇಕಾಗುತ್ತದೆ.