ಒಂದೇ ದೃಶ್ಯ, ನಾಲ್ಕು ದಾರಿ: ವಾಸ್ತವವಾದಿ ಅಭಿನಯವನ್ನು ಎಲ್ಲಿಂದ ಕಲಿಯಬೇಕು?

ನಾರ್ವೆಯ ನಾಟಕಕಾರ ಇಬ್ಸೆನ್‌ನ 'ಎ ಡಾಲ್ಸ್ ಹೌಸ್' (1879) ನಾಟಕದ ಮೊದಲ ಅಂಕದಲ್ಲಿ ಹತ್ತು ಹನ್ನೆರಡು ನಿಮಿಷದ ಒಂದು ದೃಶ್ಯವಿದೆ. ಕ್ರಿಸ್‌ಮಸ್‌ನ ಹಿಂದಿನ ದಿನ. ನೋರಾ ಮಕ್ಕಳ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿದ್ದಾಳೆ, ಮೇಜಿನ ಕೆಳಗೆ ಅಡಗಿದ್ದಾಳೆ. ಅರೆತೆರೆದ ಬಾಗಿಲಲ್ಲಿ, ಅವಳಿಗೆ ಸಾಲ ಕೊಟ್ಟ ಕ್ರೋಗ್‌ಸ್ಟಾಡ್ ಬಂದು ನಿಲ್ಲುತ್ತಾನೆ. ಅವನು ಬರುವಾಗ, ಸಾಲ ಇನ್ನೇನು ತೀರಿತು ಎಂಬ ಖುಷಿಯಲ್ಲಿದ್ದವಳು ಅವನು ಹೊರಡುವ ಹೊತ್ತಿಗೆ ತಾನು ಹಾಕಿದ ಒಂದು ಸಹಿ ಕಾನೂನಿನ ಕಣ್ಣಲ್ಲಿ ಅಪರಾಧ ಎಂದು ತಿಳಿದುಕೊಂಡಿರುತ್ತಾಳೆ. ಇಬ್ಬರು ಜನ, ಒಂದು ಕೋಣೆ, ಒಂದು ಸಾಲಪತ್ರ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಸುಲಭಕ್ಕೆ ಸಿಗುವುದಿಲ್ಲ.

ಈ ಒಂದೇ ದೃಶ್ಯದ ಮೇಲೆ ನಾಲ್ಕು ಕಲಿಕೆಯ ದಾರಿಗಳನ್ನು ನಾವು ಕನ್ನಡದಲ್ಲೇ ಹಾಕಿ ನೋಡಿದೆವು. ಅಳತೆಗೋಲು ಮೂರೇ ಇಟ್ಟುಕೊಂಡೆವು. ಎದುರಿನವರು ಮಾತಿನ ಧಾಟಿ ಬದಲಿಸಿದರೆ ನಟನ ಉತ್ತರವೂ ಬದಲಾಗುತ್ತದೆಯೇ? ಹಿಂದಿನ ಸಾಲಿನಲ್ಲಿ ಕೂತವರಿಗೆ ವಾಕ್ಯದ ಕೊನೆ ಕೇಳಿಸುತ್ತದೆಯೇ? ಮೊದಲ ಸಲ ಚೆನ್ನಾಗಿ ಬಂದದ್ದು ಐದನೆಯ ಸಲವೂ ನಿಲ್ಲುತ್ತದೆಯೇ?

ಮೇಜಿನ ಸುತ್ತ ಕೂತು ಓದುವುದು

ಹೆಚ್ಚಿನ ತಂಡಗಳು ಇಲ್ಲಿಂದಲೇ ಶುರುಮಾಡುತ್ತವೆ. 1898ರಲ್ಲಿ ಆರಂಭವಾದ ಮಾಸ್ಕೋ ಆರ್ಟ್ ಥಿಯೇಟರ್‌ನಲ್ಲಿ ರಷ್ಯದ ನಟ, ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಬೆಳೆಸಿದ ಕ್ರಮ ಇದು. ಹತ್ತು ನಿಮಿಷದ ದೃಶ್ಯಕ್ಕೆ ಎರಡೆರಡು ಗಂಟೆಯ ಮೂರು ಕೂಟ ಸಾಕು. ಅದಕ್ಕಿಂತ ಹೆಚ್ಚಾದರೆ ನಷ್ಟವೇ.

ಮೊದಲ ಕೂಟದಲ್ಲಿ ಪಠ್ಯ ಹೇಳುವ ಸಂಗತಿಗಳನ್ನು ಮಾತ್ರ ಪಟ್ಟಿ ಮಾಡಬೇಕು, ಊಹೆ ಬೇಡ. ಗಂಡನ ಜೀವ ಉಳಿಸಲು ಇಟಲಿಗೆ ಹೋಗಬೇಕಿತ್ತು. ಅದಕ್ಕೆಂದು ನೋರಾ 4,800 ಕ್ರೋನರ್ ಸಾಲ ತಂದಳು. ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಸಾಲ ಮಾಡುವಂತಿಲ್ಲ. ಅಪ್ಪ ಸತ್ತದ್ದು ಸೆಪ್ಟೆಂಬರ್ 29ಕ್ಕೆ, ಸಾಲಪತ್ರದಲ್ಲಿ ಜಾಮೀನಿಗೆಂದು ಇರುವ ಅಪ್ಪನ ಸಹಿಯ ಕೆಳಗಿನ ದಿನಾಂಕ ಅಕ್ಟೋಬರ್ 2. ಕ್ರೋಗ್‌ಸ್ಟಾಡ್ ಬ್ಯಾಂಕಿನಲ್ಲಿ ಸಣ್ಣ ಹುದ್ದೆಯಲ್ಲಿದ್ದಾನೆ. ಹೊಸ ವರ್ಷಕ್ಕೆ ನೋರಾಳ ಗಂಡನೇ ಅದರ ಮ್ಯಾನೇಜರ್. ಈ ಪಟ್ಟಿ ಕೈಯಲ್ಲಿದ್ದರೆ ನಟಿಗೆ 'ಗಾಬರಿ'ಯನ್ನು ನಟಿಸುವ ಕೆಲಸವೇ ಬೀಳುವುದಿಲ್ಲ. ಮೂರು ದಿನದ ಅಂತರವೇ ಅವಳನ್ನು ಗಾಬರಿಗೆ ತಳ್ಳುತ್ತದೆ.

ಎರಡನೆಯ ಕೂಟದಲ್ಲಿ ದೃಶ್ಯವನ್ನು ತುಣುಕು ಮಾಡಿ ಪ್ರತಿ ತುಣುಕಿಗೆ ಒಂದು ಕ್ರಿಯಾಪದ ಕೊಡುವುದು. ಇಲ್ಲಿ ಕನ್ನಡ ದೊಡ್ಡ ಉಪಕಾರ ಮಾಡುತ್ತದೆ. ಕ್ರಿಯಾಪದದ ಮುಂದೆ 'ಯಾರನ್ನು?' ಎಂದು ಕೇಳಿ. ಹೆದರಿಸು, ಒಪ್ಪಿಸು, ಪುಸಲಾಯಿಸು, ದಾರಿ ತಪ್ಪಿಸು, ಕೆಣಕು: ಇವೆಲ್ಲಕ್ಕೂ ಉತ್ತರವಿದೆ, ಎದುರಿಗಿರುವವನನ್ನು. ದುಃಖಪಡು, ಕಳವಳಗೊಳ್ಳು ಎಂದರೆ ಉತ್ತರವಿಲ್ಲ, ಅವು ಆಡಲು ಬರುವುದಿಲ್ಲ. '-ಇಸು' ಹತ್ತಿದ ಪದ ಬಂದರೆ ಬಹುಪಾಲು ದಾರಿ ಸರಿಯಿದೆ ಎಂದರ್ಥ.

ಕೆಡುವುದು ಎರಡು ಕಡೆ. ಒಂದು, ಚರ್ಚೆ ಚಂದವಾಗಿ ಬೆಳೆಯುತ್ತದೆ. 'ನೋರಾ ಆ ಕಾಲದ ಹೆಣ್ಣಿನ ಪ್ರತಿನಿಧಿ' ಎಂದು ಎಲ್ಲರೂ ತಲೆದೂಗುತ್ತಾರೆ. ಎದ್ದು ನಿಂತಾಗ ಆ ವಾಕ್ಯದಿಂದ ಕೈಕಾಲಿಗೆ ಮಾಡಲು ಏನೂ ಸಿಗುವುದಿಲ್ಲ. ಎರಡು, ಕೂತು ಓದಿದ ಮಾತಿಗೆ ಒಂದು ರಾಗ ಹತ್ತಿಬಿಡುತ್ತದೆ, ಆಮೇಲೆ ಅದನ್ನು ಕೀಳುವುದು ಕಷ್ಟ. 'ಸಹಜವಾಗಿ' ಓದಬೇಕೆಂಬ ಆಸೆಯಲ್ಲಿ ಹೊಸಬರು ವಾಕ್ಯದ ಕೊನೆಯನ್ನು ನುಂಗುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಕೂರುವುದೇ ಕೊನೆಯಲ್ಲಿ. 'ಅಪ್ಪನ ಹೆಸರು ನಾನೇ ಬರೆದೆ' ಎಂಬಲ್ಲಿ 'ಬರೆದೆ' ಕೇಳಿಸದಿದ್ದರೆ ದೃಶ್ಯವೇ ಕೇಳಿಸಲಿಲ್ಲ. ಪರಿಹಾರ ಸರಳ: ಪ್ರತಿ ವಾಕ್ಯದ ಕೊನೆಯ ಪದ ಬಾಯಿಂದ ಹೊರಬೀಳುವಾಗ ಎದುರಿನವರ ಕಣ್ಣು ನೋಡುತ್ತಿರಬೇಕು, ಕೈಯಲ್ಲಿರುವ ನಾಟಕದ ಪ್ರತಿಯನ್ನಲ್ಲ. ಒಂದೇ ಕೂಟದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಮೂರು ಅಳತೆಗೋಲಿನಲ್ಲಿ ಈ ದಾರಿ ಐದನೆಯ ಸಲಕ್ಕೂ ನಿಲ್ಲುತ್ತದೆ. ಎದುರಿನವರಿಗೆ ಬದಲಾಗುವುದರಲ್ಲಿ ಸೋಲುತ್ತದೆ.

ಎಟ್ಯೂಡ್: ಸ್ವಂತ ಮಾತಿನಲ್ಲಿ ಆಡಿ ನೋಡುವುದು

ನಮ್ಮ ಒಲವು ಇದರ ಕಡೆಗೇ. ಸ್ತಾನಿಸ್ಲಾವ್‌ಸ್ಕಿ ಬದುಕಿನ ಕೊನೆಯ ವರ್ಷಗಳಲ್ಲಿ, 1930ರ ದಶಕದಲ್ಲಿ, ದೀರ್ಘ ಮೇಜುವಾಚನದಿಂದ ಈ ಕಡೆ ಹೊರಳಿದರು. ಅವರ ಶಿಷ್ಯೆ ಮಾರಿಯಾ ಕ್ನೇಬೆಲ್ ಮುಂದೆ ಅದನ್ನು 'ಸಕ್ರಿಯ ವಿಶ್ಲೇಷಣೆ' ಎಂದು ಬೆಳೆಸಿ ಕಲಿಸಿದರು.

ಕ್ರಮ ಹೀಗೆ. ದೃಶ್ಯವನ್ನು ಎರಡು ಸಲ ಓದಿ. ದೃಶ್ಯಕ್ಕೆ ಮುಂಚೆ ಏನಿತ್ತು, ಆಮೇಲೆ ಏನು ಬದಲಾಯಿತು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ಪ್ರತಿ ಕೆಳಗಿಡಿ. ಎದ್ದು, ನೆನಪಿದ್ದಷ್ಟನ್ನು ನಿಮ್ಮ ಮನೆಮಾತಿನಲ್ಲೇ ಆಡಿ. ಧಾರವಾಡದವರು ಧಾರವಾಡದ ಮಾತಲ್ಲಿ, ಕುಂದಾಪುರದವರು ಕುಂದಾಪುರದ ಮಾತಲ್ಲಿ. ಐದರಿಂದ ಏಳು ನಿಮಿಷ. ತಕ್ಷಣ ಪ್ರತಿ ತೆಗೆದು ಓದಿ, ಏನು ಬಿಟ್ಟಿರಿ, ಯಾವುದು ಹಿಂದುಮುಂದಾಯಿತು ಗುರುತು ಮಾಡಿ. ಮತ್ತೆ ಆಡಿ. ಒಟ್ಟು ನಾಲ್ಕು ಸಲ. ಅದರಲ್ಲಿ ಒಂದು ಸಲ ಮಾತೇ ಇಲ್ಲದೆ. ಮಾತನ್ನು ಬಾಯಿಪಾಠ ಮಾಡುವುದು ಇದಾದ ಮೇಲೆ.

ಲಾಭ ಎಲ್ಲಿದೆ ಎಂಬುದಕ್ಕೆ ಈ ದೃಶ್ಯವೇ ಸಾಕ್ಷಿ. ಮೊದಲ ಎಟ್ಯೂಡ್‌ನಲ್ಲಿ ಕ್ರೋಗ್‌ಸ್ಟಾಡ್ ಆಡುವವರು ಬಾಗಿಲು ದಾಟಿದ ಕೂಡಲೇ ಸಹಿಯ ವಿಷಯ ಎತ್ತುತ್ತಾರೆ, ಅದು ದೊಡ್ಡ ಆಯುಧವಲ್ಲವೇ. ಎರಡೇ ನಿಮಿಷಕ್ಕೆ ದೃಶ್ಯ ಮುಗಿದು, ಉಳಿದದ್ದು ಜಗಳ. ಪ್ರತಿಗೆ ಮರಳಿದಾಗ ಕಾಣುವುದೇ ಬೇರೆ. ಅವನು ಮೊದಲು ನೋರಾಳ ಗೆಳತಿ ಶ್ರೀಮತಿ ಲಿಂಡೆಯ ಬಗ್ಗೆ ವಿಚಾರಿಸುತ್ತಾನೆ. ಕೆಲಸ ಉಳಿಸಿಕೊಡಿ ಎಂದು ಕೇಳುತ್ತಾನೆ. ಬೆಳೆಯುತ್ತಿರುವ ತನ್ನ ಮಕ್ಕಳಿಗಾಗಿ ಮರ್ಯಾದೆ ಬೇಕು ಎನ್ನುತ್ತಾನೆ. ನೋರಾ ಅದನ್ನೆಲ್ಲ ತಳ್ಳಿಹಾಕಿದ ಮೇಲೆಯೇ ದಿನಾಂಕದ ಮಾತು ತೆಗೆಯುವುದು. ಆಯುಧವನ್ನು ಕೊನೆಗೆ ತೆಗೆಯುವವನು ಖಳನಾಯಕನಲ್ಲ, ಬೇರೆ ದಾರಿ ಮುಗಿದವನು. ಇದನ್ನು ಮೇಜಿನ ಬಳಿ ಹತ್ತು ಸಲ ಹೇಳಬಹುದು. ತಪ್ಪಾಗಿ ಒಂದು ಸಲ ಆಡಿದವನಿಗೆ ಮತ್ತೆ ಹೇಳಬೇಕಾಗಿಲ್ಲ.

ಮೌನಗಳ ವಿಷಯವೂ ಅಷ್ಟೇ. ದಿನಾಂಕದ ಗೊಂದಲವನ್ನು ವಿವರಿಸುತ್ತೀರಾ ಎಂದು ಕ್ರೋಗ್‌ಸ್ಟಾಡ್ ಕೇಳುವಲ್ಲಿ 'ನೋರಾ ಸುಮ್ಮನಿರುತ್ತಾಳೆ' ಎಂದು ಇಬ್ಸೆನ್ ಬರೆದಿದ್ದಾನೆ. ಅವನು ಮತ್ತೆ ಕೇಳುತ್ತಾನೆ, ಅವಳು ಮತ್ತೂ ಸುಮ್ಮನೆ. ಹೊಸ ನಟಿಯರು ಆ ಜಾಗದಲ್ಲಿ ಕಣ್ಣೀರು ತುಂಬುತ್ತಾರೆ. ಮಾತಿಲ್ಲದ ಎಟ್ಯೂಡ್ ಆಡಿದವರು ಅಲ್ಲಿ ಬಾಗಿಲು ನೋಡುತ್ತಾರೆ, ಪತ್ರ ನೋಡುತ್ತಾರೆ, ಹೊರಗೆ ಹೋದ ಗಂಡ ಬಂದನೇ ಎಂದು ಕಿವಿಗೊಡುತ್ತಾರೆ. ಆ ಮೌನ ಲೆಕ್ಕಾಚಾರದ್ದು. ಅದರ ತುದಿಯಲ್ಲಿ ತಲೆಯೆತ್ತಿ 'ನಾನೇ ಬರೆದೆ' ಎನ್ನುವುದು ಆಗ ಸೋಲಿನ ಮಾತಾಗುವುದಿಲ್ಲ, ಎದುರು ನಿಲ್ಲುವ ಮಾತಾಗುತ್ತದೆ.

ಕೆಡುವುದು ಎಲ್ಲಿ? ನಟರು ನಾಟಕಕಾರರಾಗಿಬಿಡುತ್ತಾರೆ. ಮನಸ್ಸಿನಲ್ಲಿರುವುದನ್ನೆಲ್ಲ ಉದ್ದ ಭಾಷಣದಲ್ಲಿ ವಿವರಿಸುತ್ತಾರೆ. ಒಂದು ಸಲಕ್ಕೆ ಎರಡು ವಾಕ್ಯಕ್ಕಿಂತ ಹೆಚ್ಚು ಆಡುವಂತಿಲ್ಲ ಎಂಬ ಕಟ್ಟು ಹಾಕಿ. ಇನ್ನೊಂದು ಸಮಸ್ಯೆ ನಮ್ಮ ಭಾಷೆಯದು: ಬೆದರಿಕೆ ಏರುತ್ತಿದ್ದಂತೆ ಕ್ರೋಗ್‌ಸ್ಟಾಡ್ ಆಡುವವರು 'ನೀವು' ಬಿಟ್ಟು 'ನೀನು'ಗೆ ಜಾರುತ್ತಾರೆ. ಮೂಲದಲ್ಲಿ ಅವನು ಮರ್ಯಾದೆಯ ರೂಪವನ್ನು ಬಿಡುವುದೇ ಇಲ್ಲ. 'ನೀವು' ಎನ್ನುತ್ತಲೇ ಕತ್ತು ಹಿಡಿಯುವುದರಲ್ಲಿ ಈ ದೃಶ್ಯದ ಜೀವವಿದೆ. ಜಾರಿದ ಕೂಡಲೇ ನಿಲ್ಲಿಸಿ, ಆ ತುಣುಕನ್ನು ಮತ್ತೆ ಆಡಿಸಿ.

ಪತ್ರ ನಿಜವಾದ ಕಾಗದವಾಗಿರಲಿ. ಮೊತ್ತ, ಸಹಿ, ದಿನಾಂಕ ಶಾಯಿಯಲ್ಲಿ ಬರೆದಿರಲಿ. ಖಾಲಿ ಹಾಳೆ ಹಿಡಿದವನ ಕಣ್ಣು ಓದುವುದಿಲ್ಲ, ಅದು ಮೂರನೆಯ ಸಾಲಿನವರೆಗೂ ಕಾಣುತ್ತದೆ.

ಪುನರುಕ್ತಿ

ನ್ಯೂಯಾರ್ಕಿನ ನೇಬರ್‌ಹುಡ್ ಪ್ಲೇಹೌಸ್ ಅಭಿನಯ ಶಾಲೆಯಲ್ಲಿ ಶಿಕ್ಷಕ ಸ್ಯಾನ್‌ಫರ್ಡ್ ಮೈಸ್ನರ್ ರೂಪಿಸಿದ ಅಭ್ಯಾಸ. ಮೂರು ಅಡಿ ದೂರದಲ್ಲಿ ಎರಡು ಕುರ್ಚಿ. ಒಬ್ಬರು ಎದುರಿನವರಲ್ಲಿ ಕಂಡದ್ದನ್ನು ಹೇಳುತ್ತಾರೆ, ಇನ್ನೊಬ್ಬರು ಅದನ್ನೇ ಮರಳಿ ಹೇಳುತ್ತಾರೆ. ಎದುರಿನವರ ನಡೆ ಬದಲಾದಾಗ ಮಾತ್ರ ಮಾತು ಬದಲಾಗಬೇಕು. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ.

ಇಂಗ್ಲಿಷ್‌ನಲ್ಲಿ ಹುಟ್ಟಿದ ಅಭ್ಯಾಸವನ್ನು ಕನ್ನಡಕ್ಕೆ ತರುವಾಗ ಕೆಲವು ತಿದ್ದುಪಡಿ ಬೇಕೇ ಬೇಕು. ನಮ್ಮಲ್ಲಿ ಕರ್ತೃಪದ ಉದುರುತ್ತದೆ, 'ನಗ್ತಿದೀರ', 'ನಗ್ತಿದೀನಿ' ಎಂದರೆ ಮುಗಿಯಿತು. ಬದಲಾಗುವುದು ಕೊನೆಯ ಅಕ್ಷರ ಮಾತ್ರ, ಹಾಗಾಗಿ ಅಭ್ಯಾಸ ಬೇಗ ಯಾಂತ್ರಿಕವಾಗುತ್ತದೆ. ಬೇಸರವಾಗದಿರಲು ಜನ 'ಅಲ್ವಾ', 'ಹೌದಾ' ಸೇರಿಸುತ್ತಾರೆ; ಆಗ ಅದು ಪುನರುಕ್ತಿಯಲ್ಲ, ಪ್ರಶ್ನೋತ್ತರ. ಅವನ್ನು ಮೊದಲೇ ನಿಷೇಧಿಸಿ. ಹಿರಿಯರು ಕಿರಿಯರು ಎದುರಾದರೆ ಒಬ್ಬರು 'ನೀವು', ಇನ್ನೊಬ್ಬರು 'ನೀನು' ಎಂದು ಸಂಕೋಚವೇ ಮೇಲುಗೈ ಆಗುತ್ತದೆ. ಇಬ್ಬರೂ ಒಂದೇ ರೂಪ ಬಳಸಲಿ. ಈ ದೃಶ್ಯಕ್ಕಾದರೆ 'ನೀವು'.

ಕೇಳಿಸಿಕೊಳ್ಳುವ ಗುಣದಲ್ಲಿ ಇದನ್ನು ಬೇರೆ ಯಾವ ದಾರಿಯೂ ಮೀರಿಸುವುದಿಲ್ಲ. ಎದುರಿನವರ ಉಸಿರು ಬದಲಾದದ್ದೂ ತಿಳಿಯತೊಡಗುತ್ತದೆ. ಆದರೆ ಇಬ್ಸೆನ್‌ನ ದೃಶ್ಯ ಸಂಗತಿಗಳ ಮೇಲೆ ನಿಂತದ್ದು. ಇದೊಂದರಿಂದಲೇ ಶುರುಮಾಡಿದ ಜೋಡಿಗಳು ಪರಸ್ಪರ ಧ್ವನಿಗೆ ಚುರುಕಾಗಿ ಸ್ಪಂದಿಸುತ್ತ 29 ಮತ್ತು 2ರ ನಡುವಿನ ಅಂತರವನ್ನೇ ಹಾರಿಸಿಬಿಡುತ್ತವೆ. ಪ್ರೇಕ್ಷಕರಿಗೆ ಇಬ್ಬರು ಸಿಟ್ಟಾಗಿದ್ದಾರೆ ಎಂದು ಗೊತ್ತಾಗುತ್ತದೆ, ಯಾಕೆಂದು ಗೊತ್ತಾಗುವುದಿಲ್ಲ. ಇದನ್ನು ಮದ್ದಿನಂತೆ ಬಳಸಿ: ಮಾತಿಗೆ ರಾಗ ಹತ್ತಿದ ದಿನ, ತಾಲೀಮಿನ ಮೊದಲು ಹತ್ತು ನಿಮಿಷ.

ಮೈಸ್ನರ್‌ನಿಂದ ಪೂರ್ತಿ ತೆಗೆದುಕೊಳ್ಳಬೇಕಾದದ್ದು ಇನ್ನೊಂದಿದೆ: ಮಾತನ್ನು ಭಾವವಿಲ್ಲದೆ, ಚಪ್ಪಟೆಯಾಗಿ ಬಾಯಿಪಾಠ ಮಾಡುವುದು. ವಿರಾಮಚಿಹ್ನೆ ಬಿಟ್ಟು ಕೈಯಲ್ಲಿ ಬರೆದುಕೊಂಡು ಕಲಿತರೆ ರಾಗ ಹತ್ತುವುದು ತುಂಬ ಕಡಿಮೆಯಾಗುತ್ತದೆ.

ಭಾವಸ್ಮೃತಿ

ಸ್ವಂತ ಬದುಕಿನ ನೋವನ್ನು ನೆನೆದು ಪಾತ್ರದ ಭಾವ ತರುವುದು. ಅಮೆರಿಕದಲ್ಲಿ ಅಭಿನಯ ಶಿಕ್ಷಕ ಲೀ ಸ್ಟ್ರಾಸ್‌ಬರ್ಗ್ ಇದಕ್ಕೆ ಒತ್ತುಕೊಟ್ಟರು. ಅಲ್ಲಿನ ನಟಿ ಸ್ಟೆಲ್ಲಾ ಆಡ್ಲರ್ 1934ರಲ್ಲಿ ಪ್ಯಾರಿಸ್‌ನಲ್ಲಿ ಸ್ತಾನಿಸ್ಲಾವ್‌ಸ್ಕಿಯನ್ನೇ ಕಂಡು ಬಂದು, ಒತ್ತು ಇರಬೇಕಾದದ್ದು ಸನ್ನಿವೇಶ ಮತ್ತು ಕಲ್ಪನೆಯ ಮೇಲೆ ಎಂದು ವಾದಿಸಿದರು. ಕಲಿಯುವ ಹಂತದಲ್ಲಿ ಆಡ್ಲರ್ ಮಾತೇ ಸರಿ ಎಂದು ಕಾಣುತ್ತದೆ. ನೆನಪಿಗೆ ಇಳಿದ ನಟಿಯ ಕಣ್ಣು ಒಳಮುಖವಾಗುತ್ತದೆ, ಕ್ರೋಗ್‌ಸ್ಟಾಡ್ ವೇದಿಕೆಯ ಮೇಲೆ ಒಂಟಿಯಾಗುತ್ತಾನೆ. ಮೊದಲ ಸಲ ಬಂದ ಕಣ್ಣೀರು ಮೂರನೆಯ ಸಲ ಬರುವುದಿಲ್ಲ, ಆಗ ಅದನ್ನು ಹಿಂಡುತ್ತಾರೆ. ಹಸಿ ಗಾಯವನ್ನು ಕೆದಕಿದರೆ ಅದನ್ನು ಮತ್ತೆ ಮುಚ್ಚುವ ಪರಿಣತಿ ಬಹುಪಾಲು ತಾಲೀಮು ಕೋಣೆಗಳಲ್ಲಿ ಇರುವುದಿಲ್ಲ. ಹೊಸಬರಿಗೆ ಇದನ್ನು ಖಂಡಿತ ಬೇಡ ಎನ್ನುತ್ತೇವೆ.

ಹಾಗಾದರೆ ಯಾವ ಅನುಕ್ರಮ?

ಮೂರು ವಾರ, ವಾರಕ್ಕೆ ಮೂರು ಕೂಟ ಇದೆ ಎಂದುಕೊಳ್ಳಿ. ಮೊದಲ ಕೂಟ ಪೂರ್ತಿ ಮೇಜಿನ ಬಳಿ, ಸಂಗತಿಗಳ ಪಟ್ಟಿಗೆ ಮಾತ್ರ. ಎರಡರಿಂದ ಐದರವರೆಗೆ ಎಟ್ಯೂಡ್. ಕ್ರಿಯಾಪದಗಳನ್ನು ಬರೆಯುವುದು ಐದನೆಯ ಕೂಟದ ಕೊನೆಗೆ. ಆಡಿ ಕಂಡುಕೊಂಡ ಕ್ರಿಯಾಪದ ನಿಲ್ಲುತ್ತದೆ, ಕೂತು ಆರಿಸಿದ್ದು ಅರ್ಧಕ್ಕರ್ಧ ಬದಲಾಗುತ್ತದೆ. ಆರರ ಹೊತ್ತಿಗೆ ಮಾತು ಚಪ್ಪಟೆಯಾಗಿ ಬಾಯಲ್ಲಿರಲಿ. ಏಳು, ಎಂಟರಲ್ಲಿ ನೋರಾಳ ಕೈಗೆ ಕ್ರಿಸ್‌ಮಸ್ ಮರ ಸಿಂಗರಿಸುವ ಕೆಲಸ ಕೊಡಿ. ದಾರಕ್ಕೆ ಗಂಟು ಹಾಕುವಂಥದ್ದು, ಗಮನ ಬೇಡುವಂಥದ್ದು. ಪಠ್ಯದಲ್ಲಿ ಅವಳು ಮರಕ್ಕೆ ಕೈಹಾಕುವುದು ಅವನು ಹೋದ ಮೇಲೆ. ತಾಲೀಮಿನಲ್ಲಿ ಮುಂಚೆಯೇ ಕೊಟ್ಟರೆ ಯಾವ ಮಾತಿಗೆ ಕೈ ತಾನಾಗಿ ನಿಲ್ಲುತ್ತದೆ ಎಂದು ಕಾಣುತ್ತದೆ. ಆ ಜಾಗಗಳನ್ನು ಗುರುತಿಸಿಕೊಂಡು ಆಮೇಲೆ ಮರವನ್ನು ತೆಗೆದುಬಿಡಿ.

ಒಂಬತ್ತನೆಯ ಕೂಟದಲ್ಲಿ ಮುನ್ಸೂಚನೆ ಕೊಡದೆ ಜೋಡಿಗಳನ್ನು ಅದಲುಬದಲು ಮಾಡಿ. ಹೊಸ ಕ್ರೋಗ್‌ಸ್ಟಾಡ್‌ನ ಎದುರು ನೋರಾಳ ಎರಡೂ ಮೌನಗಳು ಹಳೆಯಷ್ಟೇ ಉದ್ದವಿದ್ದರೆ, ಅವಳು ಇನ್ನೂ ಪ್ರತಿಯನ್ನೇ ಆಡುತ್ತಿದ್ದಾಳೆ. ಆ ಜೋಡಿಗೆ ಎರಡನೆಯ ಕೂಟದ ಎಟ್ಯೂಡ್‌ನಿಂದ ಮತ್ತೆ ಶುರು.