ಪ್ಲಗ್ಗಿಗೆ ಸಿಕ್ಕಿಸುವ ವಾಟ್ ಮೀಟರ್: ಬಿಲ್ಲಿಗಿಂತ ವಯರಿನ ಸುದ್ದಿಯೇ ಹೆಚ್ಚು

ಸಂತೆಕಟ್ಟೆಯ ಹತ್ತಿರದ ನಮ್ಮ ಮನೆಯಲ್ಲಿ ದಿನಬೆಳಗಾದರೆ ರುಬ್ಬುವುದೇ ಕೆಲಸ. ಮಳೆಗಾಲ ಬಂತೆಂದರೆ ಬಚ್ಚಲೊಲೆಗೆ ಒಣಗಿದ ಕೊತ್ತಳಿಗೆಯೂ ಇಲ್ಲ, ಗೆರಟೆಯೂ ಇಲ್ಲ. ನೀರು ಕಾಯಿಸುವ ರಾಡೇ ಗತಿ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೇ. ಆ ಗೆರೆಯ ಆಚೆ ಈಚೆ ಓಡಾಡುವ ಮನೆ ನಮ್ಮದು. ಯಾವುದು ಎಷ್ಟು ಎಳೆಯುತ್ತದೆ ಎಂದು ತಿಳಿಯಲು ಉಡುಪಿ ಪೇಟೆಯ ಅಂಗಡಿಯೊಂದರಿಂದ ಸಾವಿರದ ಚಿಲ್ಲರೆ ರೂಪಾಯಿಗೆ ಈ ಮೀಟರ್ ತಂದೆ.

“ಇದನ್ನು ಹಾಕಿದರೆ ಬಿಲ್ಲು ಕಡಿಮೆಯಾಗುತ್ತದಾ ಎಂದು ಎಲ್ಲರೂ ಕೇಳುತ್ತಾರೆ ಅಕ್ಕ. ಇದು ಅಳೆಯುತ್ತದೆ, ಅಷ್ಟೇ” ಎಂದರು ಅಂಗಡಿಯವರು. ಕರೆಂಟ್ ಉಳಿಸುವ ಡಬ್ಬಿ ಎಂದು ಏನೇನೋ ಮಾರುವ ಕಾಲದಲ್ಲಿ ಈ ಮಾತು ಕೇಳಿಯೇ ನನಗೆ ಅರ್ಧ ನಂಬಿಕೆ ಬಂತು.

ಮೀಟರನ್ನು ಸಾಕೆಟ್ಟಿಗೆ ಹಾಕಿ, ಅದರೊಳಗೆ ಉಪಕರಣದ ಪ್ಲಗ್ ಹಾಕಬೇಕು. ಗುಂಡಿ ಒತ್ತಿದಂತೆ ವೋಲ್ಟ್, ಆಂಪಿಯರ್, ವಾಟ್, ಪವರ್ ಫ್ಯಾಕ್ಟರ್ (ವೋಲ್ಟ್, ಆಂಪಿಯರ್ ಗುಣಿಸಿ ಬಂದದ್ದರಲ್ಲಿ ನಿಜವಾದ ವಾಟ್ ಎಷ್ಟು ಪಾಲು ಎನ್ನುವ ಅಂಕಿ), ಯೂನಿಟ್ ಒಂದೊಂದಾಗಿ ಕಾಣುತ್ತವೆ. ಓಮ್, ಅಂದರೆ ಕರೆಂಟಿಗೆ ಎದುರಾಗುವ ತಡೆಯ (ರೋಧದ) ಅಳತೆ, ಮಾತ್ರ ತೋರಿಸುವುದಿಲ್ಲ. ಅದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು. ನನ್ನ ಮಟ್ಟಿಗೆ ಮೀಟರಿನ ಪ್ರಯೋಜನ ಇರುವುದು ಆ ಲೆಕ್ಕದಲ್ಲೇ.

ಅಡುಗೆಮನೆಯ ಸಾಕೆಟ್ಟಿನಲ್ಲಿ ರಾಡ್ ಹಾಕಿದಾಗ 228 ವೋಲ್ಟ್, 6.4 ಆಂಪಿಯರ್. ಗುಣಿಸಿದರೆ 1459 ವಾಟ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸುಮಾರು 35.6 ಓಮ್. ರಾಡಿನ ಮೇಲೆ ಬರೆದಿರುವುದು 1500 ವಾಟ್, ಆದರೆ ಅದು 230 ವೋಲ್ಟಿನ ಮಾತು. ಸಂಜೆ ಏಳರ ಹೊತ್ತಿಗೆ ವೋಲ್ಟೇಜ್ 196ಕ್ಕೆ ಇಳಿದಾಗ ಕರೆಂಟೂ 5.5 ಆಂಪಿಯರಿಗೆ ಇಳಿಯಿತು. ರಾಡಿನ ರೋಧ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಆದ್ದರಿಂದ ವೋಲ್ಟೂ ಆಂಪಿಯರೂ ಜೊತೆಯಾಗಿ ಇಳಿದು, ಕೈಗೆ ಸಿಗುವುದು ಸುಮಾರು 1080 ವಾಟ್. ವೋಲ್ಟೇಜಿನಲ್ಲಿ ಹೋದದ್ದು ಶೇಕಡಾ 14, ಶಾಖದಲ್ಲಿ ಹೋದದ್ದು ಶೇಕಡಾ 26. ಇಪ್ಪತ್ತು ಲೀಟರ್ ನೀರನ್ನು 27 ಡಿಗ್ರಿಯಿಂದ 45ಕ್ಕೆ ಏರಿಸಲು ಬೆಳಿಗ್ಗೆ 17 ನಿಮಿಷ ಸಾಕಾದರೆ ಸಂಜೆಗೆ 23 ಬೇಕು. “ನಿಧಾನ ಕಾದರೆ ಕರೆಂಟ್ ಉಳಿಯಿತಲ್ಲ” ಎಂದರು ಅತ್ತೆ. ಎಲ್ಲಿಯ ಉಳಿತಾಯ! ಎರಡು ಹೊತ್ತೂ 0.42 ಯೂನಿಟ್ ಬೇಕೇ ಬೇಕು. ತಡವಾದಷ್ಟೂ ನೀರು ಆರುತ್ತಿರುತ್ತದೆ ಬೇರೆ.

ಗ್ರೈಂಡರಿಗೆ ಈ ಲೆಕ್ಕ ನಡೆಯುವುದಿಲ್ಲ. 229 ವೋಲ್ಟ್, 0.9 ಆಂಪಿಯರ್, ಗುಣಿಸಿದರೆ 206. ಮೀಟರ್ ತೋರಿಸಿದ್ದು 152 ವಾಟ್. ಮೋಟರ್ ಎಳೆಯುವ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುವುದರಿಂದ ಪವರ್ ಫ್ಯಾಕ್ಟರ್ 0.74 ಸೇರಿಸಿ ಗುಣಿಸಬೇಕು. ಭಾಗಿಸಿದರೆ ಬರುವ ಓಮ್ ಕೂಡ ತಂತಿಯೊಂದರ ರೋಧವಲ್ಲ. ಕಲ್ಲಿನಲ್ಲಿ ಉದ್ದು ತುಂಬಿರುವಾಗ ವೋಲ್ಟೇಜ್ ಇಳಿದರೆ ಮೋಟರ್ ರಾಡಿನ ಹಾಗೆ ಸುಮ್ಮನಿರದೆ ಇನ್ನಷ್ಟು ಕರೆಂಟ್ ಎಳೆದು ಬಿಸಿಯಾಗುತ್ತದೆ. ಅಂದಿನಿಂದ ಸಂಜೆ ರುಬ್ಬುವುದು ಬಂದ್.

ಈಗ ನಿಜವಾದ ಸುದ್ದಿ. ಬಚ್ಚಲುಮನೆಯ ಸಾಕೆಟ್ಟಿನಲ್ಲಿ ಏನೂ ಹಾಕದಿದ್ದಾಗ 231 ವೋಲ್ಟ್. ಅದೇ ರಾಡ್ ಹಾಕಿದ ಕೂಡಲೇ 222. ಅಡುಗೆಮನೆಯಲ್ಲಿ ಇಳಿದದ್ದು ಮೂರೇ ವೋಲ್ಟ್, ಇಲ್ಲಿ ಒಂಬತ್ತು. ಆ ಒಂಬತ್ತನ್ನು ಆಗ ಹರಿಯುತ್ತಿದ್ದ 6.2 ಆಂಪಿಯರಿನಿಂದ ಭಾಗಿಸಿದರೆ ದಾರಿಯಲ್ಲಿ ಸುಮಾರು ಒಂದೂವರೆ ಓಮ್ ಕೂತಿದೆ. ಗುಣಿಸಿದರೆ 56 ವಾಟ್ ನೀರಿಗೆ ಹೋಗದೆ ವಯರನ್ನು ಕಾಯಿಸುತ್ತಿದೆ. ಎಲೆಕ್ಟ್ರಿಷಿಯನ್ ಹುಡುಗನಿಗೆ ಹೇಳಿದರೆ “ಬಚ್ಚಲು ದೂರ ಅಲ್ಲವಾ ಅಕ್ಕ, ಅಷ್ಟು ಇಳಿಯುತ್ತದೆ” ಎಂದ. ಬಿಚ್ಚಿ ನೋಡು ಎಂದೆ. ಹಿತ್ತಿಲ ಗೋಡೆಯ ಜಂಕ್ಷನ್ ಬಾಕ್ಸ್ ತೆಗೆದಾಗ ತಿರುಚಿ ಸೇರಿಸಿದ ಜಾಯಿಂಟ್ ಕಂಡಿತು: ಟೇಪು ಕರಗಿ ಅಂಟಾಗಿತ್ತು, ತಾಮ್ರ ಕಪ್ಪಾಗಿತ್ತು, ಅಲ್ಲಿಂದ ಮುಂದೆ ಲೈಟಿಗೆ ಎಳೆಯುವಂಥ ಸಪೂರ ವಯರ್. ನಾಲ್ಕು ಚದರ ಮಿಲಿಮೀಟರಿನ ವಯರನ್ನು ಜಾಯಿಂಟ್ ಇಲ್ಲದೆ ಎಳೆಸಿದ ಮೇಲೆ ಇಳಿಕೆ ನಾಲ್ಕು ವೋಲ್ಟಿಗೆ ಬಂತು. ಮೀಟರಿನ ದುಡ್ಡು ಅಂದೇ ವಸೂಲಾಯಿತು.

ದೂರುಗಳೂ ಇವೆ. ಪರದೆಗೆ ಬೆಳಕಿಲ್ಲ; ನೆಲದ ಹತ್ತಿರದ ಸಾಕೆಟ್ಟಾದರೆ ಟಾರ್ಚ್ ಹಿಡಿದು ಬಗ್ಗಬೇಕು. ಮೈ ಅಗಲವಾದ್ದರಿಂದ ಪಕ್ಕದ ಸ್ವಿಚ್ ಮುಚ್ಚಿಹೋಗುತ್ತದೆ. ಮೊಬೈಲ್ ಚಾರ್ಜರಿನಂಥ ಸಣ್ಣ ಭಾರಕ್ಕೆ ಒಮ್ಮೆ ಸೊನ್ನೆ, ಒಮ್ಮೆ ಎರಡು ವಾಟ್, ನಂಬುವ ಹಾಗಿಲ್ಲ. ಯೂನಿಟ್ಟಿಗೆ ಇಷ್ಟು ರೂಪಾಯಿ ಎಂದು ದರ ತುಂಬಿಸುವ ಗುಂಡಿ ಬರೀ ಅಲಂಕಾರ, ನಿಗದಿತ ಶುಲ್ಕದ ಸುದ್ದಿಯೇ ಅದಕ್ಕೆ ಗೊತ್ತಿಲ್ಲ. ಫ್ರಿಜ್ಜಿಗೆ ಮಾತ್ರ ವಾಟ್ ನೋಡುತ್ತಾ ಕೂರಬೇಡಿ. ಅದು ಆಗಾಗ ನಿಂತು ಓಡುವ ಯಂತ್ರ, ಇಡೀ ದಿನ ಬಿಟ್ಟು ಯೂನಿಟ್ ಓದಿ.

ಇನ್ನೊಂದು ವಿಷಯ. ಇದರ ಪ್ಲಗ್ 16 ಆಂಪಿಯರಿನ ದಪ್ಪ ಪಿನ್ನಿನದು. ಕನ್ವರ್ಟರ್ ಸಿಕ್ಕಿಸಿ 6 ಆಂಪಿಯರ್ ಸಾಕೆಟ್ಟಿಗೆ ಹಾಕಿ ರಾಡ್ ಅಳೆಯಲು ಹೋಗಬೇಡಿ. 6.4 ಆಂಪಿಯರ್ ಆ ಸಾಕೆಟ್ಟಿನ ಮಿತಿಯನ್ನೇ ಮೀರಿದ್ದು. ಪಿನ್ನು ಸಡಿಲವಾಗಿ ಕಾಲು ಓಮ್ ಸೇರಿಕೊಂಡರೂ 6.4ರ ವರ್ಗಕ್ಕೆ ಅದನ್ನು ಗುಣಿಸಿ ನೋಡಿ: ಹತ್ತು ವಾಟ್ ಶಾಖ, ಅದೂ ಉಗುರಿನಷ್ಟು ಜಾಗದಲ್ಲಿ. ಮನೆಯಲ್ಲಿ 16 ಆಂಪಿಯರ್ ಸಾಕೆಟ್ ಒಂದೂ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಮೀಟರ್ ಆಮೇಲೆ ಕೊಳ್ಳಿ.