ಒಹಾಯೋದಲ್ಲಿ ಹೆರಿಗೆ: ಆಸ್ಪತ್ರೆಗೆ ಐದು ಸ್ಟಾರ್, ಸುನ್ನತಿ ಕೇಳಿದ ರೀತಿಗೆ ಎರಡೇ

ಅಮೆರಿಕದಲ್ಲಿ ಹೆರಿಗೆಗೆ ತಯಾರಾಗುತ್ತಿರುವ ನಮ್ಮ ಕನ್ನಡದವರು ಆಗಾಗ ಕೇಳುತ್ತಾ ಇರುತ್ತಾರೆ, ನಿಮ್ಮ ಆಸ್ಪತ್ರೆ ಹೇಗಿತ್ತು ಅಂತ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ನನ್ನ ತಕರಾರು ಇರುವುದು ಒಂದು ಪದ್ಧತಿಯ ಮೇಲೆ, ಆ ಪದ್ಧತಿ ಈ ಒಂದು ಆಸ್ಪತ್ರೆಯದಷ್ಟೇ ಅಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಹೆರಿಗೆ ಮಾಡಿಸಿದ ಡಾಕ್ಟರ್ ತುಂಬಾ ಚೆನ್ನಾಗಿ ನೋಡಿಕೊಂಡರು. ಎಪಿಡ್ಯೂರಲ್, ಅಂದರೆ ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಮದ್ದು, ಕೊಟ್ಟವರು ಏನು ಮಾಡುತ್ತಿದ್ದೇನೆ ಅಂತ ಹೇಳಿ ಹೇಳಿಯೇ ಸೂಜಿ ಹಾಕಿದರು. ಹಾಲು ಕುಡಿಸುವುದನ್ನು ಕಲಿಸಿದ ನರ್ಸ್ ರಾತ್ರಿ ಎಷ್ಟು ಸಲ ಕರೆದರೂ ಬೇಜಾರು ಮಾಡಿಕೊಳ್ಳಲಿಲ್ಲ. ಊಟಕ್ಕೆ ಸಸ್ಯಾಹಾರ ಅಂದರೆ ಪಾಸ್ತಾ, ಸಲಾಡ್ ಅಷ್ಟೇ, ಮನೆಯಿಂದ ಅನ್ನ ಸಾರು ತರಿಸಿಕೊಳ್ಳಿ. ಇಷ್ಟಕ್ಕೆ ಐದಕ್ಕೆ ಐದು ಸ್ಟಾರ್.

ಗಂಡುಮಗು ಅಂತ ಸ್ಕ್ಯಾನ್‌ನಲ್ಲಿ ಗೊತ್ತಾಗಿರುವವರು ಮುಂದಿನದನ್ನು ನಿಧಾನವಾಗಿ ಓದಿ.

ನಮ್ಮ ರೂಮಿನ ಗೋಡೆಯ ಮೇಲೆ ಒಂದು ಬಿಳಿ ಬೋರ್ಡ್ ಇತ್ತು. ಆ ಶಿಫ್ಟಿನ ನರ್ಸ್ ಹೆಸರು, ನನ್ನ ನೋವಿನ ಮಾತ್ರೆಯ ಟೈಮು, ಮಗುವಿನ ತೂಕ, ಕಿವಿ ಪರೀಕ್ಷೆ ಆಯಿತಾ, ಹೆಪಟೈಟಿಸ್ ಬಿ ಲಸಿಕೆ ಆಯಿತಾ, ಎಲ್ಲ ಅದರಲ್ಲೇ. ಅವುಗಳ ಕೆಳಗೆ, ಅದೇ ನೀಲಿ ಮಾರ್ಕರ್‌ನಲ್ಲಿ, 'ಸರ್ಕ್' ಅಂತ ಬರೆದು ಪಕ್ಕದಲ್ಲಿ ಒಂದು ಖಾಲಿ ಚೌಕ. ಸರ್ಕಮ್‌ಸಿಷನ್, ಅಂದರೆ ಶಿಶ್ನದ ತುದಿಯ ಮುಂದೊಗಲನ್ನು ಕತ್ತರಿಸುವ ಸುನ್ನತಿ. ಶಿಫ್ಟ್ ಬದಲಾದಾಗಲೆಲ್ಲ ಹೊಸ ನರ್ಸ್ ಬಂದು ಆ ಚೌಕ ನೋಡಿ ಕೇಳುವುದು, "ಡಾಕ್ಟರ್ ಇವತ್ತು ಬೆಳಿಗ್ಗೆ ಮಾಡ್ತಾರೆ, ನಿಮ್ಮ ಮಗುವನ್ನ ಲಿಸ್ಟ್‌ಗೆ ಸೇರಿಸಲಾ?" ನನ್ನ ಗಂಡ ಬೇಡ ಅಂದರು. ಆಕೆ ಚೌಕದಲ್ಲಿ 'ಇನ್ನೂ ತೀರ್ಮಾನ ಆಗಿಲ್ಲ' ಅಂತ ಬರೆದುಕೊಂಡು ಹೋದರು. ಹೀಗಾಗಿ ಮುಂದಿನ ಶಿಫ್ಟಿನಲ್ಲಿ ಮತ್ತೆ ಅದೇ ಪ್ರಶ್ನೆ.

ಯಾರೂ ಗದರಿಸಲಿಲ್ಲ, ಬಲವಂತ ಮಾಡಲಿಲ್ಲ, ಅದನ್ನೂ ಹೇಳಬೇಕು. ಆದರೆ ಲಸಿಕೆಗೂ ಕಿವಿ ಪರೀಕ್ಷೆಗೂ ಸಮನಾಗಿ ಅದನ್ನು ಪಟ್ಟಿಯಲ್ಲಿ ಇಟ್ಟರೆ ಹೊಸದಾಗಿ ತಾಯಿ ಆದವಳಿಗೆ ಏನನ್ನಿಸುತ್ತದೆ? ಇದೂ ಮಾಡಿಸಲೇಬೇಕಾದ್ದು ಅಂತಲೇ ಅನ್ನಿಸುತ್ತದೆ. ನಿದ್ದೆ ಇಲ್ಲ, ಹೊಲಿಗೆ ನೋಯುತ್ತಿದೆ, ಹಾಲು ಸರಿಯಾಗಿ ಬರುತ್ತಿಲ್ಲ, ಆ ಹೊತ್ತಿನಲ್ಲಿ ಕೈಗೆ ಒಂದು ಫಾರ್ಮ್ ಕೊಟ್ಟು ಇಲ್ಲಿ ಸೈನ್ ಮಾಡಿ ಅಂದರೆ ಯಾರಾದರೂ ಮಾಡಿಬಿಡುತ್ತಾರೆ. ಆ ಫಾರ್ಮ್‌ನಲ್ಲಿ ರಕ್ತಸ್ರಾವ, ಸೋಂಕು, ನೋಡಲು ಸರಿಯಾಗಿ ಕಾಣದಿರುವುದು ಇತ್ಯಾದಿ ಅಪಾಯಗಳು ಸಣ್ಣ ಅಕ್ಷರದಲ್ಲಿ ಇದ್ದವು. ಮಾಡಿಸದಿದ್ದರೆ ಏನಾಗುತ್ತದೆ ಅನ್ನುವುದು ಎಲ್ಲೂ ಇರಲಿಲ್ಲ.

ಅದನ್ನು ನಾನು ಹೇಳುತ್ತೇನೆ. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ.

ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ, ಅಂದರೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 1999ರಲ್ಲಿ ಇದನ್ನು ಎಲ್ಲ ಮಕ್ಕಳಿಗೂ ಮಾಡಿ ಅಂತ ಹೇಳಲು ಪುರಾವೆ ಸಾಲದು ಅಂದಿತ್ತು. 2012ರಲ್ಲಿ ಸ್ವಲ್ಪ ಬದಲಾಯಿಸಿ, ಅಪಾಯಕ್ಕಿಂತ ಲಾಭ ಜಾಸ್ತಿ, ಆದರೂ ಎಲ್ಲರಿಗೂ ಶಿಫಾರಸು ಮಾಡುವಷ್ಟು ದೊಡ್ಡ ಲಾಭ ಅಲ್ಲ, ಅಪ್ಪ ಅಮ್ಮನೇ ತೀರ್ಮಾನಿಸಲಿ ಅಂದಿತು. ಅಂದರೆ ಅತಿ ಒಲವು ತೋರಿದ ಹೇಳಿಕೆಯಲ್ಲೂ 'ಎಲ್ಲರೂ ಮಾಡಿಸಿ' ಅನ್ನುವ ಮಾತಿಲ್ಲ. ಹಾಗಿದ್ದ ಮೇಲೆ ಆ ಚೌಕ ಗೋಡೆಯ ಮೇಲೆ ಯಾಕೆ?

ಆ 2012ರ ಹೇಳಿಕೆಗೆ ಬೇರೆ ದೇಶದ ಡಾಕ್ಟರುಗಳು ಸುಮ್ಮನೆ ತಲೆ ಆಡಿಸಲಿಲ್ಲ. ಮರುವರ್ಷವೇ 38 ವೈದ್ಯರು, ಹೆಚ್ಚಿನವರು ಯುರೋಪಿನವರು, ಅದೇ ಸಂಘದ ಪತ್ರಿಕೆಯಲ್ಲಿ ಬರೆದು, ನೀವು ನಿಮ್ಮ ದೇಶದ ರೂಢಿಯ ಕನ್ನಡಕದಿಂದ ನೋಡುತ್ತಿದ್ದೀರಿ ಅಂತ ನೇರವಾಗಿ ಹೇಳಿದರು. ನೆದರ್‌ಲ್ಯಾಂಡ್ಸ್‌ನ ವೈದ್ಯರ ಸಂಘವಂತೂ 2010ರಲ್ಲೇ, ಕಾಯಿಲೆ ಇಲ್ಲದೆ ಮಕ್ಕಳಿಗೆ ಸುನ್ನತಿ ಮಾಡುವುದು ಮಗುವಿನ ಹಕ್ಕಿಗೆ ವಿರುದ್ಧ ಅಂದಿತ್ತು. ಪಕ್ಕದ ಕೆನಡಾದ ಮಕ್ಕಳ ಡಾಕ್ಟರುಗಳ ಸಂಘ 2015ರಲ್ಲಿ ಎಲ್ಲ ಗಂಡುಮಕ್ಕಳಿಗೂ ಇದನ್ನು ಶಿಫಾರಸು ಮಾಡುವುದಿಲ್ಲ ಅಂತ ಹೇಳಿತು. ಗಡಿ ದಾಟಿದರೆ ಸಲಹೆಯ ಧಾಟಿಯೇ ಬೇರೆ, ಮಗುವಿನ ದೇಹ ಮಾತ್ರ ಅದೇ.

ಲಾಭ ಅಂತ ಹೇಳುವುದರಲ್ಲಿ ನಿಜ ಇಲ್ಲವೇ? ಇದೆ. ಮೂತ್ರದ ಸೋಂಕು ಕಡಿಮೆ ಆಗುತ್ತದೆ, ಅದು ಸಾಬೀತಾಗಿದೆ. ಆದರೆ ಮೊದಲ ವರ್ಷದಲ್ಲಿ ಆರೋಗ್ಯವಂತ ಗಂಡುಮಗುವಿಗೆ ಆ ಸೋಂಕು ಬರುವ ಸಾಧ್ಯತೆಯೇ ಸುಮಾರು 100ಕ್ಕೆ 1. ಒಂದು ಮಗುವಿಗೆ ಸೋಂಕು ತಪ್ಪಿಸಲು ನೂರಕ್ಕೂ ಹೆಚ್ಚು ಮಕ್ಕಳಿಗೆ ಕತ್ತರಿಸಬೇಕು ಅಂತ ಲೆಕ್ಕ ಹಾಕಿದ್ದಾರೆ. ಬಂದರೂ ಆಂಟಿಬಯಾಟಿಕ್‌ನಿಂದ ವಾಸಿ ಮಾಡಬಹುದು. ಕಿಡ್ನಿಯಲ್ಲಿ ಹುಟ್ಟಿನಿಂದಲೇ ತೊಂದರೆ ಇರುವ, ಪದೇ ಪದೇ ಸೋಂಕು ಬರುವ ಮಗು ಆದರೆ ಲೆಕ್ಕ ಬೇರೆ, ಅಲ್ಲಿ ಡಾಕ್ಟರ್ ಹೇಳಿದರೆ ನಾನೂ ಮಾಡಿಸುತ್ತಿದ್ದೆ. ಶಿಶ್ನದ ಕ್ಯಾನ್ಸರ್ ಅಂತಾರೆ. ಅದು ಈ ದೇಶದಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಸುಮಾರು ಒಬ್ಬರಿಗೆ ಬರುವಂಥದ್ದು.

ಎಚ್‌ಐವಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡದಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ, ಹೆಣ್ಣಿನಿಂದ ಗಂಡಿಗೆ ಸೋಂಕು ಹರಡುವುದು ಸುನ್ನತಿಯಿಂದ ಶೇಕಡಾ 60ರ ಹತ್ತಿರ ಕಡಿಮೆ ಆಯಿತು. ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಶಿಫಾರಸು ಮಾಡಿತು. ಆದರೆ ಆ ಪ್ರಯೋಗಗಳಲ್ಲಿ ಇದ್ದವರು ದೊಡ್ಡ ಗಂಡಸರು, ತಾವೇ ಒಪ್ಪಿ ಬಂದವರು. ಶಿಫಾರಸು ಕೂಡ ಎಚ್‌ಐವಿ ವಿಪರೀತ ಇರುವ ಆಫ್ರಿಕಾದ ದೇಶಗಳಿಗೆ. ಒಹಾಯೋದಲ್ಲಿ ನಿನ್ನೆ ಹುಟ್ಟಿದ ಕೂಸಿಗೆ ಅದರ ಅವಸರ ಏನು? ಅವನು ದೊಡ್ಡವನಾದ ಮೇಲೆ ಬೇಕು ಅನ್ನಿಸಿದರೆ ಮಾಡಿಸಿಕೊಳ್ಳಲಿ.

ಇಲ್ಲಿ ಮಾಡಿಸಿ ಅನ್ನುವವರ ಗಟ್ಟಿ ವಾದ ಒಂದಿದೆ, ಅದನ್ನು ಮುಚ್ಚಿಡಬಾರದು. ಎಳೆ ಮಗುವಿಗೆ ಮಾಡಿದರೆ ತೊಡಕು ಕಡಿಮೆ, ದೊಡ್ಡವರಾದ ಮೇಲೆ ತೊಡಕೂ ಜಾಸ್ತಿ, ಖರ್ಚೂ ಜಾಸ್ತಿ. ಇದು ನಿಜ. 2014ರಲ್ಲಿ ಬಂದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಮೊದಲ ವರ್ಷದಲ್ಲಿ ಮಾಡಿದ್ದಕ್ಕೆ ತೊಡಕು ಶೇಕಡಾ ಅರ್ಧಕ್ಕಿಂತ ಕಡಿಮೆ, ಆಮೇಲೆ ಮಾಡಿದರೆ ಅದರ ಹತ್ತಿಪ್ಪತ್ತು ಪಟ್ಟು ಅಂತ ಕಂಡುಬಂತು. ಆದರೆ ಈ ಹೋಲಿಕೆ ಸರಿ ಆಗಬೇಕಾದರೆ ದೊಡ್ಡವರಾದ ಮೇಲೆ ಎಲ್ಲರೂ ಮಾಡಿಸಿಕೊಳ್ಳುತ್ತಾರೆ ಅಂತ ಇರಬೇಕಲ್ವಾ? ಬಹುಪಾಲು ಗಂಡಸರಿಗೆ ಅದು ಯಾವತ್ತೂ ಬೇಕಾಗುವುದೇ ಇಲ್ಲ. ನಮ್ಮಪ್ಪ, ಮಾವ, ಗಂಡ, ಅಣ್ಣ ಎಲ್ಲರೂ ಇದಿಲ್ಲದೆಯೇ ಆರೋಗ್ಯವಾಗಿದ್ದಾರೆ.

ಇನ್ನು ನೋವು. ನನಗೆ ಸಿಟ್ಟು ಬಂದದ್ದು ಇಲ್ಲೇ. ಮಾಡಿಸುವುದಾದರೆ ಮರಗಟ್ಟಿಸಲು ಏನು ಕೊಡುತ್ತೀರಿ ಅಂತ ನನ್ನ ಗಂಡ ಕೇಳಿದರು. ನರ್ಸ್ ನಗುತ್ತಲೇ, ಬಾಯಿಗೆ ಸಕ್ಕರೆ ನೀರು ಕೊಡ್ತೀವಿ, ಮಕ್ಕಳು ಅದರಲ್ಲೇ ಮಲಗಿಬಿಡ್ತಾರೆ ಅಂದರು. ಇಂಜೆಕ್ಷನ್ ಇಲ್ಲವಾ ಅಂದರೆ ಡಾಕ್ಟರನ್ನು ಕೇಳಬೇಕು ಅಂತ ಉತ್ತರ. ನಾನು ಮೇಲೆ ಹೇಳಿದ ಅದೇ ಮಕ್ಕಳ ಡಾಕ್ಟರುಗಳ ಸಂಘ 2012ರಲ್ಲಿ ಸ್ಪಷ್ಟವಾಗಿ ಬರೆದಿದೆ, ಸಕ್ಕರೆ ನೀರು ಒಂದೇ ಸಾಲದು, ಸರಿಯಾದ ನೋವುನಿವಾರಣೆ ಕೊಡಲೇಬೇಕು ಅಂತ. ಶಿಶ್ನದ ಬುಡದಲ್ಲಿ ನರಕ್ಕೆ ಕೊಡುವ ಇಂಜೆಕ್ಷನ್ ಇದೆ, ಸುತ್ತಲೂ ಕೊಡುವುದಿದೆ, ಮರಗಟ್ಟಿಸುವ ಕ್ರೀಮ್ ಇದೆ. ಎಳೆ ಮಕ್ಕಳಿಗೆ ನೋವು ನೆನಪಿರುವುದಿಲ್ಲ ಅನ್ನುವವರಿಗೆ ಒಂದು ಮಾತು. ಕೆನಡಾದ ಸಂಶೋಧಕರು 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕರಿಂದ ಆರು ತಿಂಗಳಿಗೆ ಲಸಿಕೆ ಚುಚ್ಚುವಾಗ, ಸುನ್ನತಿ ಆಗಿದ್ದ ಮಕ್ಕಳು ಆಗದ ಮಕ್ಕಳಿಗಿಂತ ಜಾಸ್ತಿ ನೋವು ತೋರಿಸಿದರು. ಸುನ್ನತಿಗೆ ಮೊದಲು ಮರಗಟ್ಟಿಸುವ ಕ್ರೀಮ್ ಹಚ್ಚಿದ್ದ ಮಕ್ಕಳಲ್ಲಿ ಅದು ಕಡಿಮೆ ಇತ್ತು. ಮಾತು ಬಾರದ ಮಗುವಿನ ಪರವಾಗಿ ಈ ಒಂದು ಪ್ರಶ್ನೆಗೆ ನೇರ ಉತ್ತರ ಕೊಡಲಾಗದ ಸೇವೆಗೆ ನಾನು ಸ್ಟಾರ್ ಕಡಿಮೆ ಕೊಡದೆ ಇನ್ನೇನು ಮಾಡಲಿ?

ಧರ್ಮದ ಕಾರಣಕ್ಕೆ ಮಾಡಿಸುವವರ ಮೇಲೆ ನಾನು ಇದನ್ನು ಬರೆಯುತ್ತಿಲ್ಲ. ಭಟ್ಕಳದ ನನ್ನ ಗೆಳತಿ ಒಬ್ಬಳು ಇದೇ ಊರಲ್ಲಿದ್ದಾಳೆ. ಅವಳ ಮಗನಿಗೆ ಆಸ್ಪತ್ರೆಯಲ್ಲೇ ಮಾಡಿಸಿದಳು. ಅವಳು ಹೆರಿಗೆಗೆ ಮೊದಲೇ ಡಾಕ್ಟರ್ ಹತ್ತಿರ ಕೂತು ಯಾರು ಮಾಡುತ್ತಾರೆ, ಇಂಜೆಕ್ಷನ್ ಕೊಡುತ್ತಾರಾ, ಆಮೇಲೆ ಗಾಯ ಹೇಗೆ ನೋಡಿಕೊಳ್ಳಬೇಕು ಎಲ್ಲ ಕೇಳಿಕೊಂಡಿದ್ದಳು. ಯೋಚನೆ ಮಾಡಿ ತೆಗೆದುಕೊಂಡ ತೀರ್ಮಾನ ಅದು. ಮಗುವಿನ ಒಪ್ಪಿಗೆಯ ಪ್ರಶ್ನೆ ಅಲ್ಲೂ ಇದೆ, ನಾವಿಬ್ಬರೂ ಅದನ್ನು ಮಾತಾಡಿದ್ದೇವೆ, ಒಪ್ಪಿಲ್ಲ, ಜಗಳವನ್ನೂ ಆಡಿಲ್ಲ. ಜರ್ಮನಿಯಲ್ಲಿ 2012ರಲ್ಲಿ ಕಲೋನ್ ನಗರದ ಕೋರ್ಟು ಇದನ್ನು ಮಗುವಿನ ದೇಹಕ್ಕೆ ಮಾಡುವ ಗಾಯ ಅಂತ ತೀರ್ಪು ಕೊಟ್ಟಾಗ ಮುಸ್ಲಿಮರು, ಯಹೂದಿಗಳು ಇಬ್ಬರೂ ನೊಂದುಕೊಂಡರು, ಅದೇ ವರ್ಷ ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ಮಾಡಿ ಅವಕಾಶ ಉಳಿಸಿತು. ಪೊಲೀಸು, ಕೋರ್ಟು ತಂದು ಬಗೆಹರಿಸುವ ವಿಷಯ ಇದಲ್ಲ ಅಂತ ನನಗೂ ಅನ್ನಿಸುತ್ತದೆ.

ಆದರೆ ಅಮೆರಿಕದ ವಾರ್ಡುಗಳಲ್ಲಿ ಧರ್ಮದ ಕಾರಣವೇ ಇಲ್ಲದವರಿಗೂ ಇದು ರೂಢಿ. ಅದರ ಬೇರು 19ನೇ ಶತಮಾನದ ವೈದ್ಯರಲ್ಲಿದೆ. ನ್ಯೂಯಾರ್ಕಿನ ಲೂಯಿಸ್ ಸೇಯರ್ ಅನ್ನುವ ಮೂಳೆ ಡಾಕ್ಟರು 1870ರಲ್ಲಿ ಇದರಿಂದ ಲಕ್ವ ಹೊಡೆದ ಹುಡುಗನ ಕಾಲು ಸರಿ ಆಯಿತು ಅಂತ ಪ್ರಚಾರ ಮಾಡಿದರು. ಜಾನ್ ಹಾರ್ವೆ ಕೆಲಾಗ್ ಅನ್ನುವ ಡಾಕ್ಟರು ಹುಡುಗರ ಹಸ್ತಮೈಥುನ ಬಿಡಿಸಲು, ಅದೂ ಮರಗಟ್ಟಿಸದೆ, ಮಾಡಿ ಅಂದರು. ಆ ಕಾರಣಗಳೆಲ್ಲ ಬಿದ್ದುಹೋದವು, ರೂಢಿ ಮಾತ್ರ ನಿಂತಿತು. ಇನ್ನೊಂದು ಕಾರಣ ದುಡ್ಡು. ಬಡವರ ವಿಮೆಯಾದ ಮೆಡಿಕೇಡ್ ಇದಕ್ಕೆ ಹಣ ಕೊಡುವ ರಾಜ್ಯಗಳ ಆಸ್ಪತ್ರೆಗಳಲ್ಲಿ, ಕೊಡದ ರಾಜ್ಯಗಳಿಗಿಂತ ಸುನ್ನತಿಯ ಪ್ರಮಾಣ ಶೇಕಡಾವಾರು ಲೆಕ್ಕದಲ್ಲಿ 24 ಪಾಯಿಂಟ್ ಜಾಸ್ತಿ ಅಂತ 2009ರ ಅಧ್ಯಯನ ಒಂದು ಹೇಳಿತು. ಲಾಭ ನಷ್ಟದ ವೈದ್ಯಕೀಯ ಲೆಕ್ಕವೇ ತೀರ್ಮಾನ ಮಾಡುತ್ತಿದ್ದರೆ ವಿಮೆ ನೋಡಿಕೊಂಡು ಇಷ್ಟು ಏರುಪೇರು ಆಗುತ್ತಿರಲಿಲ್ಲ.

ನಮ್ಮವರಲ್ಲಿ ಕೆಲವರು, ಸ್ಕೂಲಲ್ಲಿ ಬಟ್ಟೆ ಬದಲಾಯಿಸುವಾಗ ಬೇರೆ ಹುಡುಗರು ಗೇಲಿ ಮಾಡ್ತಾರೆ, ಅದಕ್ಕೇ ಮಾಡಿಸಿದ್ವಿ ಅಂದರು. ಅವರ ಆತಂಕ ನನಗೆ ಅರ್ಥ ಆಗುತ್ತದೆ, ಬೇರೆ ದೇಶದಲ್ಲಿ ಮಗು ಒಂಟಿ ಆಗಬಾರದು ಅಂತ ಎಲ್ಲರಿಗೂ ಇರುತ್ತದೆ. ಆದರೆ ಸರ್ಕಾರದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಅಂಕಿ ನೋಡಿ. ಆಸ್ಪತ್ರೆಯಲ್ಲಿ ಹುಟ್ಟಿ ಅಲ್ಲೇ ಮಾಡಿಸಿಕೊಂಡ ಮಕ್ಕಳು 1979ರಲ್ಲಿ ಶೇಕಡಾ 64.5, 2010ರಲ್ಲಿ 58.3. ಪಶ್ಚಿಮದ ರಾಜ್ಯಗಳಲ್ಲಿ ಆ ವರ್ಷ ಬರೀ 40ರ ಆಸುಪಾಸು. ನಮ್ಮ ಈ ಮಧ್ಯಪಶ್ಚಿಮದಲ್ಲಿ ಜಾಸ್ತಿ ಇದೆ, ನಿಜ. ಆದರೂ ಇಂದಿನ ತರಗತಿಯಲ್ಲಿ ಇಂಥ ಹುಡುಗ ಒಬ್ಬನೇ ಇರುವುದಿಲ್ಲ.

ಬೇಡ ಅಂದವರಿಗೆ ಆಸ್ಪತ್ರೆಯಿಂದ ಒಂದು ತುಂಡು ಕಾಗದವೂ ಸಿಗಲಿಲ್ಲ. ಮಾಡಿಸಿದವರಿಗೆ ವ್ಯಾಸಲಿನ್, ಗಾಜ್ ಬಟ್ಟೆ, ಸೂಚನೆಯ ಹಾಳೆ ಎಲ್ಲ ಕೊಡುತ್ತಾರೆ. ಇದು ದೊಡ್ಡ ಕೊರತೆ, ಯಾಕಂದರೆ ನಮ್ಮ ಮನೆಗಳಲ್ಲೂ ತಿಳಿಯದ ಒಂದು ವಿಷಯ ಇದೆ. ಬಾಣಂತನಕ್ಕೆ ಹಾಸನದಿಂದ ಅಮ್ಮ ಬಂದಿದ್ದರು. ಮೊದಲ ಎಣ್ಣೆ ಸ್ನಾನದ ದಿನ ಕಾಲು ಚಾಚಿ ಕೂತು ಮಗುವನ್ನು ಮಲಗಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚುತ್ತಾ ಮುಂದೊಗಲನ್ನು ಹಿಂದಕ್ಕೆ ಎಳೆಯಲು ಹೋದರು. "ದಿನಾ ಸ್ವಲ್ಪ ಸ್ವಲ್ಪ ಬಿಡಿಸದಿದ್ರೆ ಆಮೇಲೆ ಕಷ್ಟ ಆಗುತ್ತೆ ಕಣೇ, ನಿಮ್ಮಣ್ಣಂಗೂ ಹಿಂಗೇ ಮಾಡಿದ್ದು" ಅಂದರು. ನಾನು ಕೈ ಹಿಡಿದುಕೊಂಡೆ. ಎಳೆಯಲೇಬಾರದು. ಹುಟ್ಟುವಾಗ ಆ ಚರ್ಮ ಒಳಗೆ ಅಂಟಿಕೊಂಡೇ ಇರುತ್ತದೆ. ಇಂಗ್ಲೆಂಡಿನ ಡಗ್ಲಸ್ ಗೇರ್ಡ್ನರ್ ಅನ್ನುವ ಮಕ್ಕಳ ಡಾಕ್ಟರು 1949ರಲ್ಲೇ, ಹುಟ್ಟಿದಾಗ ಪೂರ್ತಿ ಹಿಂದಕ್ಕೆ ಸರಿಯುವುದು ಬರೀ ಶೇಕಡಾ 4 ಮಕ್ಕಳಲ್ಲಿ ಅಂತ ನೋಡಿ ಬರೆದಿದ್ದರು. ವರ್ಷಗಳು ಕಳೆದ ಹಾಗೆ ತಾನಾಗಿಯೇ ಬಿಡುತ್ತದೆ. ಬಲವಂತವಾಗಿ ಎಳೆದರೆ ಗಾಯ ಆಗಿ, ಕಲೆ ಕಟ್ಟಿ, ನಿಜವಾಗಿ ಬಿಗಿಯಾಗುತ್ತದೆ, ಆಗ ಆಪರೇಷನ್ ಬೇಕಾಗಬಹುದು. ಹೊರಗಿನಿಂದ ನೀರಿನಲ್ಲಿ ತೊಳೆದರೆ ಸಾಕು. ಅಮ್ಮ ಮೊದಲು ನಂಬಲಿಲ್ಲ. ನಮ್ಮ ಮಕ್ಕಳ ಡಾಕ್ಟರೂ ಅದೇ ಮಾತು ಹೇಳಿದ ಮೇಲೆ ಬಿಟ್ಟರು. ಈಗ ಊರಿಗೆ ಫೋನ್ ಮಾಡಿ ಅತ್ತಿಗೆಗೂ ಅವರೇ ಹೇಳುತ್ತಿದ್ದಾರೆ.

ಕ್ಲಿನಿಕ್‌ನಲ್ಲೂ ಹುಷಾರಾಗಿರಿ. ಒಂದು ಸಲ ಅಲ್ಲಿನ ಸಹಾಯಕಿಯೊಬ್ಬರು ಡಯಾಪರ್ ಬಿಚ್ಚಿದವರೇ ಹಿಂದಕ್ಕೆ ಎಳೆಯಲು ಕೈ ಹಾಕಿದರು, ತಡೆದೆವು.

ನೀವು ಈ ದೇಶದಲ್ಲಿ ಹೆರಿಗೆಗೆ ಹೋಗುವುದಾದರೆ ಏಳನೇ ಎಂಟನೇ ತಿಂಗಳಲ್ಲೇ ಗಂಡ ಹೆಂಡತಿ ಕೂತು ಮಾತಾಡಿ, ಡಾಕ್ಟರಿಗೆ ಹೇಳಿ ಫೈಲಿನಲ್ಲಿ ಬರೆಸಿ. ಬೇಡ ಅಂದರೆ ಬೋರ್ಡಿನ ಚೌಕದಲ್ಲಿ 'ಇಲ್ಲ' ಅಂತ ನೀವೇ ನೋಡಿಕೊಂಡು ಬರೆಸಿ, 'ಇನ್ನೂ ತೀರ್ಮಾನ ಆಗಿಲ್ಲ' ಅಂತ ಬಿಡಬೇಡಿ. ಬೇಕು ಅಂದರೆ ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದರೆ ಮೊದಲೇ ಹೇಳಿ, ಮಗುವಿಗೆ ವಿಟಮಿನ್ ಕೆ ಇಂಜೆಕ್ಷನ್ ಆಗಿದೆಯಾ ಕೇಳಿ, ಮರಗಟ್ಟಿಸುವ ಇಂಜೆಕ್ಷನ್ ಕೊಡದೆ ಮುಟ್ಟಬೇಡಿ ಅಂತ ಖಡಾಖಂಡಿತ ಹೇಳಿ, ಮಾಡುವಾಗ ಜೊತೆಗೆ ಇರುತ್ತೇವೆ ಅನ್ನಿ. ಇಲ್ಲಿ ಬಹಳ ಕಡೆ ಇದನ್ನು ಮಾಡುವವರು ಮಕ್ಕಳ ಡಾಕ್ಟರಲ್ಲ, ಹೆರಿಗೆ ಡಾಕ್ಟರೇ. ಯಾರು ಮಾಡುತ್ತಾರೆ, ಎಷ್ಟು ಅನುಭವ ಅಂತ ಕೇಳುವ ಹಕ್ಕು ನಿಮಗಿದೆ.

ಆಸ್ಪತ್ರೆಯವರು ಮನೆಗೆ ಬಂದ ಮೇಲೆ ಅಭಿಪ್ರಾಯ ಕೇಳಿ ಒಂದು ಫಾರ್ಮ್ ಕಳಿಸಿದ್ದರು. ಬೋರ್ಡಿನಲ್ಲಿ ಲಸಿಕೆಯ ಪಟ್ಟಿಯಿಂದ ಈ ಸಾಲನ್ನು ತೆಗೆಯಿರಿ, ಒಂದು ಸಲ ಬೇಡ ಅಂದವರನ್ನು ಮತ್ತೆ ಕೇಳಬೇಡಿ, ಮಾಡಿಸದ ಮಗುವನ್ನು ಹೇಗೆ ನೋಡಿಕೊಳ್ಳಬೇಕು ಅಂತ ಒಂದು ಹಾಳೆ ಅಚ್ಚು ಹಾಕಿಸಿ, ಅಂತ ಮೂರೂ ಬರೆದು ಕಳಿಸಿದ್ದೇನೆ. ನೀವು ಅಮೆರಿಕದಲ್ಲಿ ಹೆತ್ತವರಾದರೆ ನೀವೂ ನಿಮ್ಮ ಆಸ್ಪತ್ರೆಗೆ ಬರೆಯಿರಿ, ನಾಲ್ಕು ಜನ ಕೇಳಿದರೆ ಬದಲಾಯಿಸುತ್ತಾರೆ. ಬಿಳಿ ಬೋರ್ಡಿಗೆ ಎರಡು ಸ್ಟಾರ್, ಹಾಲು ಕುಡಿಸಲು ಕಲಿಸಿದ ಆ ನರ್ಸ್‌ಗೆ ಮಾತ್ರ ಐದೂ.